ನೂರು ಮನೆಗಳಲ್ಲಿ ಅರವತ್ತೆಂಟನೆಯದು

ಸಾಮ್ರಾಜ್ಯಗಳು ಮುರಿದು ಬಿದ್ದದ್ದಕ್ಕೆ ಕಾರಣ ಹುಡುಕುವವರು ಯುದ್ಧ, ಬರಗಾಲ, ರಾಜನ ಮೂರನೆಯ ಹೆಂಡತಿ ಎಂದೆಲ್ಲ ಬರೆದಿಟ್ಟಿದ್ದಾರೆ. ಮೂರನೆಯ ಮಹಡಿಯ ಈ ಮನೆಯ ಶಾಂತಿ ಮುರಿದು ಬಿದ್ದದ್ದು ಒಂದು ಮುಖದಿಂದ. ಅದೂ ಜೀವ ಇರುವ ಮುಖವಲ್ಲ, ಕಾಗದದ ಮೂಲೆಯಲ್ಲಿ ಅಚ್ಚಾದದ್ದು: ಒಂದು ವೃತ್ತ, ಎರಡು ಚುಕ್ಕೆ, ಬಾಯಿಯ ಜಾಗದಲ್ಲಿ ನೆಟ್ಟಗೆ ಒಂದು ಗೆರೆ. ವಿಷಯ ಗಂಭೀರವಾದದ್ದರಿಂದ ಮೊದಲಿಂದ ಹೇಳುವುದು ಒಳ್ಳೆಯದು.

ಕರೆಂಟು ಕಂಪನಿಯವರು ಬಿಲ್ಲಿನ ಜೊತೆಗೆ ಹೊಸದಾಗಿ ಒಂದು ಕಾಗದ ಕಳಿಸಲು ಶುರುಮಾಡಿದ್ದರು. ನಿಮ್ಮ ಮನೆಯಷ್ಟೇ ಕೋಣೆ, ನಿಮ್ಮಷ್ಟೇ ಜನ ಇರುವ ನೂರು ಮನೆಗಳನ್ನು ಸಾಲಾಗಿ ನಿಲ್ಲಿಸಿ, ಯಾರು ಎಷ್ಟು ಉರಿಸುತ್ತಾರೆಂದು ನೋಡಿ, ಅದರಲ್ಲಿ ನೀವು ಎಷ್ಟನೆಯವರು ಎಂದು ಹೇಳುವ ಕಾಗದ. ಕಡಿಮೆ ಉರಿಸಿದವರಿಗೆ ನಗುವ ಮುಖ, ಜಾಸ್ತಿ ಉರಿಸಿದವರಿಗೆ ಅಳುವ ಮುಖ. ಈ ಮನೆಗೆ ಬಂದದ್ದು ಎರಡರ ನಡುವಿನದು, ಹಲ್ಲುನೋವು ತಡೆದುಕೊಂಡು ಫೋಟೋಕ್ಕೆ ನಿಂತವರ ಮುಖ. ಸ್ಥಾನ ಅರವತ್ತೆಂಟು.

ಬೇರೆ ಯಾರಾದರೂ ಆಗಿದ್ದರೆ ಆ ಕಾಗದವನ್ನು ಮಡಚಿ ಅಲುಗಾಡುವ ಮೇಜಿನ ಕಾಲ ಕೆಳಗೆ ಇಡುತ್ತಿದ್ದರು. ಆದರೆ ಮನೆಯ ಯಜಮಾನರು ತೂಕ ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅವರು ಮಾರುಕಟ್ಟೆಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿ ನೆಟ್ಟಗಾಗುತ್ತವೆ ಎಂಬ ಪ್ರತೀತಿ ಇತ್ತು. ಗುಲಗಂಜಿಯಷ್ಟು ತೂಕ ಕಡಿಮೆ ಬಿದ್ದರೂ ಬಿಡುವವರಲ್ಲ ಎಂದು ಅಂಗಡಿಯವರು ಅವರಿಗೆ ಬೆನ್ನ ಹಿಂದೆ ಗುಲಗಂಜಿ ಸಾಹೇಬ್ರು ಎಂದು ಹೆಸರಿಟ್ಟಿದ್ದರು. ಜಗತ್ತನ್ನು ಅಳೆಯುವುದು ತನ್ನ ಕೆಲಸ ಎಂದು ಇಪ್ಪತ್ತು ವರ್ಷ ನಂಬಿದ ಮನುಷ್ಯನನ್ನು ಇನ್ನೊಬ್ಬರು ಅಳೆದುಬಿಟ್ಟಿದ್ದರು.

"ಅರವತ್ತೇಳು ಮನೆ ನಮಗಿಂತ ಮುಂದೆ," ಎಂದರು ಇನ್ಸ್‌ಪೆಕ್ಟರು, ಊಟದ ಮೇಜಿನ ಮೇಲೆ ಕಾಗದ ಹರಡಿ.

"ಮೂವತ್ತೆರಡು ಹಿಂದೆ ಇದಾವಲ್ಲ ರೀ," ಎಂದಳು ಹೆಂಡತಿ. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟು. ಬಾಯಿ ತೆರೆಯುವವರನ್ನು ದಿನವಿಡೀ ನೋಡಿ ಅಭ್ಯಾಸವಾಗಿ ಸುಲಭಕ್ಕೆ ಗಾಬರಿಯಾಗುತ್ತಿರಲಿಲ್ಲ.

"ಹಿಂದೆ ಇರೋರನ್ನ ನೋಡಿ ಸಮಾಧಾನ ಪಡೋದು ಸೋಮಾರಿಗಳ ಲಕ್ಷಣ."

ಮರುದಿನದಿಂದ ತಪಾಸಣೆ. ಇನ್ಸ್‌ಪೆಕ್ಟರು ಮನೆಯಲ್ಲೂ ಇಲಾಖೆಯ ನಡಿಗೆಯಲ್ಲೇ ನಡೆದರು. ಫ್ರಿಜ್ಜಿನ ಬಾಗಿಲು ತೆಗೆದು ಯೋಚನೆ ಮಾಡಬಾರದು, ಯೋಚನೆ ಮಾಡಿ ಬಾಗಿಲು ತೆಗೆಯಬೇಕು. ಇಸ್ತ್ರಿ ವಾರಕ್ಕೊಮ್ಮೆ. ಕಾಲೇಜಿಗೆ ಹೋಗುವ ಮಗಳು ತಲೆ ಒಣಗಿಸಿಕೊಳ್ಳುವ ಯಂತ್ರ ಬೀರುವಿನ ಮೇಲಕ್ಕೆ ಹೋಯಿತು. ಮಗಳು ಒದ್ದೆ ತಲೆಯಲ್ಲೇ ಹೋಗಿ ನೆಗಡಿ ಹಿಡಿಸಿಕೊಂಡು ಬಂದಳು.

"ಗೀಸರ್ ಬಗ್ಗೆ ಯಾರೂ ಏನೂ ಹೇಳಲ್ವಾ?" ಎಂದಳು ಹೆಂಡತಿ ಗೋಡೆಗೆ ಹೇಳುವಂತೆ. ನಸುಕಿಗೆ ಹಾಕಿದ ಗೀಸರು ಇನ್ಸ್‌ಪೆಕ್ಟರು ಆಫೀಸಿಗೆ ಹೊರಡುವವರೆಗೆ ಕೆಂಪು ಕಣ್ಣು ಬಿಟ್ಟುಕೊಂಡೇ ಇರುತ್ತಿತ್ತು. ಬಿಸಿನೀರಿನಲ್ಲಿ ನಿಂತಾಗಲೇ ಅವರಿಗೆ ಅಂದಿನ ಕೆಲಸದ ಹೊಳಹು ಸಿಗುವುದು.

"ಅದು ಅಗತ್ಯ. ನಾನು ಹೇಳ್ತಿರೋದು ದುಂದಿನ ಬಗ್ಗೆ."

ದುಂದು ಯಾವುದು ಎಂದು ಹುಡುಕುತ್ತ ಅವರು ಕೊನೆಗೆ ಮನೆಯ ತುದಿಯ ಸಣ್ಣ ಕೋಣೆಗೆ ಬಂದು ನಿಂತರು. ಅದು ಅವರ ತಾಯಿಯ ಕೋಣೆ. ತಾಯಿ ಒಂದು ಕಾಲಕ್ಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನ ಜಗಳ, ಮದುವೆ, ಸಾವುಗಳನ್ನೆಲ್ಲ ಕಿವಿಗೆ ಸಿಕ್ಕಿಸಿಕೊಂಡು ಕೂತಿದ್ದವರು. ನಿವೃತ್ತಿಯ ನಂತರ ಮೌನ ಅವರಿಗೆ ಆಗಿಬರಲಿಲ್ಲ. ಹಾಗಾಗಿ ರೇಡಿಯೋ ಬೆಳಗಿನಿಂದ ಸಂಜೆವರೆಗೆ ಗುನುಗುತ್ತಿತ್ತು. ಫ್ಯಾನು ತಿರುಗುತ್ತಿತ್ತು. ಮಂಡಿಗೆ ಶಾಖ ಕೊಡುವ ಕರೆಂಟಿನ ಪ್ಯಾಡು ಮಡಿಲಲ್ಲಿ ಬೆಕ್ಕಿನಂತೆ ಬೆಚ್ಚಗಿತ್ತು.

ಇನ್ಸ್‌ಪೆಕ್ಟರು ಮೂರು ಪ್ಲಗ್ಗುಗಳನ್ನು ಮೂರು ಕಳ್ಳತೂಕಗಳನ್ನು ನೋಡುವ ಹಾಗೆ ನೋಡಿದರು.

"ಏನೋ ಅದು, ಗೋಡೇಲಿ ನಿಧಿ ಇದೆಯೇನೋ?" ಎಂದರು ತಾಯಿ.

"ಅಮ್ಮಾ, ಒಂದೇ ಕಡೆ ಇದ್ದು ನಿಂಗೆ ಬೇಜಾರಾಗಲ್ವಾ?"

"ಈಗ ಆಗ್ತಿದೆ."

"ತಮ್ಮನ ಮನೆಗೆ ಹೋಗಿ ಎಷ್ಟು ದಿನ ಆಯ್ತು. ಅವನೂ ಕೇಳ್ತಾನೇ ಇರ್ತಾನೆ."

"ಅವನು ಯಾವತ್ತೂ ಕೇಳಿಲ್ಲ ಕಣೋ. ನಾನು ಕಿವಿಯಿಂದ ದುಡಿದು ಅನ್ನ ತಿಂದವಳು, ನನ್ನ ಹತ್ರ ಬೇಡ." ತಾಯಿ ರೇಡಿಯೋ ಸಣ್ಣ ಮಾಡಿದರು. "ನೇರವಾಗಿ ಹೇಳು. ಪ್ಯಾಡ್ ತೆಗೀಬೇಕಾ, ನನ್ನೇ ತೆಗೀಬೇಕಾ?"

"ಛೇ, ಏನಮ್ಮಾ ನೀನು! ಹವಾ ಬದಲಾವಣೆ ಅಂದೆ, ಅಷ್ಟೇ."

ಬೆಣ್ಣೆಯಿಂದ ಕೂದಲು ತೆಗೆದಂತೆ ಕೆಲಸ ಆಯಿತೆಂದು ಇನ್ಸ್‌ಪೆಕ್ಟರು ಅಂದುಕೊಂಡರು. ತಾಯಿಗೆ ಅರ್ಥವಾದದ್ದು ಬೇರೆ: ಹವಾ ಬದಲಾವಣೆಗೆ ಕಳಿಸುವವರು ಹಾಸಿಗೆ ಸುತ್ತಿಡುವುದಿಲ್ಲ. ಅವರು ಚೀಲ ತುಂಬುತ್ತಿರುವಾಗಲೇ ಮಗ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದ. ಈ ಕೋಣೆ ಬಿಟ್ಟರೆ ತನ್ನದೆನ್ನುವ ಬಾಗಿಲು ಜಗತ್ತಿನಲ್ಲಿ ಇನ್ನೊಂದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಪ್ಯಾಡನ್ನು ತಾವೇ ಕಿತ್ತು ಚೀಲದ ಮೇಲಿಟ್ಟುಕೊಂಡು ಹೊರಟರು.

"ಅತ್ತೆ, ಬೇಗ ಬನ್ನಿ," ಎಂದಳು ಸೊಸೆ, ಗಂಡನನ್ನು ನೋಡುತ್ತ.

ಕಿರಿಯ ಮಗನದು ಕನ್ನಡಕದಂಗಡಿ. ಮನೆ ಚಿಕ್ಕದು, ಗಂಡ, ಹೆಂಡತಿ, ಇಬ್ಬರು ಗಂಡುಮಕ್ಕಳು. ತಾಯಿಗೆ ಟಿವಿಯ ಎದುರಿನ ಸೋಫಾ ಸಿಕ್ಕಿತು. ಸೋಫಾದ ಹತ್ತಿರ ಪ್ಲಗ್ಗು ಇರಲಿಲ್ಲ. ಮೊಮ್ಮಕ್ಕಳು ಚೆಂಡಿನಾಟ ನೋಡಿ ಮುಗಿಸಿದ ಮೇಲೆ ಅವರಿಗೆ ಮಲಗುವ ಅವಕಾಶ.

ಇತ್ತ ಇನ್ಸ್‌ಪೆಕ್ಟರು ತಮ್ಮ ಜನ್ಮಕ್ಕೆ ತಕ್ಕ ತಪ್ಪನ್ನು ಮಾಡಿದರು. ಬೇರೆ ಯಾವ ಮನುಷ್ಯನೂ ಮಾಡದ ತಪ್ಪು ಅದು. ಲೆಕ್ಕ ಸರಿಯಾಗಿರಬೇಕು ಎಂದು ಕರೆಂಟು ಕಂಪನಿಗೆ ತಾವಾಗಿ ಫೋನು ಮಾಡಿ, "ನಮ್ಮ ಮನೇಲಿ ಈಗ ನಾಲ್ಕು ಜನ ಅಲ್ಲ, ಮೂರು ಜನ, ತಿದ್ದುಪಡಿ ಮಾಡಿಕೊಳ್ಳಿ," ಎಂದು ಹೇಳಿದರು. ಫೋನಿನ ಆ ಕಡೆಯ ಹುಡುಗಿ, "ಯಾರೂ ಹೀಗೆ ಹೇಳಲ್ಲ ಸರ್," ಎಂದಳು. ಅವರು ಅದನ್ನು ಪ್ರಶಸ್ತಿ ಎಂದುಕೊಂಡರು. ಅಷ್ಟಕ್ಕೇ ಬಿಡದೆ ತಮ್ಮನಿಗೂ ಫೋನು ಮಾಡಿ, "ನಿನ್ನ ಮನೆಯಲ್ಲಿ ಐದು ಜನ ಅಂತ ತಿಳಿಸು, ಸುಳ್ಳು ಅಳತೆ ಇರಬಾರದು," ಎಂದು ಉಪದೇಶ ಮಾಡಿದರು.

ಕೋಣೆಗೆ ಬೀಗ ಬಿತ್ತು. ಫ್ಯಾನು ನಿಂತಿತು. ಮೀಟರು ನಿಧಾನವಾಯಿತು. ಇನ್ಸ್‌ಪೆಕ್ಟರು ಆ ಸಂತೋಷದಲ್ಲಿ ಬಿಸಿನೀರಿನ ಕೆಳಗೆ ಇನ್ನಷ್ಟು ಹೊತ್ತು ನಿಂತರು.

ತಿಂಗಳು ಕಳೆದು ಕಾಗದ ಬಂತು. ಉರಿದ ಕರೆಂಟು ಕಡಿಮೆಯಾಗಿತ್ತು. ಸ್ಥಾನ ಎಂಬತ್ಮೂರು. ಮುಖದ ಗೆರೆ ಎರಡೂ ತುದಿಯಲ್ಲಿ ಕೆಳಕ್ಕೆ ಬಾಗಿತ್ತು.

"ಕಂಪನಿಯವರ ಅಳತೆಯಲ್ಲಿ ದೋಷ ಇದೆ!" ಇನ್ಸ್‌ಪೆಕ್ಟರ ಕೈ ಮೇಜನ್ನು ಬಡಿಯಿತು. "ಕಮ್ಮಿ ಉರಿಸಿದ್ದೀವಿ, ಹಿಂದೆ ಹೋಗಿದ್ದೀವಿ. ಇದು ಯಾವ ನ್ಯಾಯ?"

ಹೆಂಡತಿ ಕಾಗದ ತೆಗೆದುಕೊಂಡು ಓದಿದಳು. "ದೋಷ ಏನೂ ಇಲ್ಲ ರೀ. ಮೊದಲು ನಾಲ್ಕು ಜನ ಇರೋ ಮನೆಗಳ ಜೊತೆ ಹೋಲಿಸ್ತಿದ್ರು. ಈಗ ಮೂರು ಜನ ಇರೋ ಮನೆಗಳ ಜೊತೆ. ಅವರು ಮೊದಲೇ ಕಮ್ಮಿ ಉರಿಸ್ತಾರೆ. ನೀವು ಒಬ್ಬರನ್ನ ಕಳೆದ್ರಿ, ಒಬ್ಬರ ಕರೆಂಟು ಕಳೀಲಿಲ್ಲ. ಅತ್ತೆ ಉರಿಸ್ತಿದ್ದದ್ದೇ ಸ್ವಲ್ಪ." ಕಾಗದವನ್ನು ಅವರ ಕಡೆ ತಳ್ಳಿದಳು. "ಈ ಮನೆಯಲ್ಲಿ ನಮ್ಮ ಮಾನ ಕಾಪಾಡ್ತಿದ್ದದ್ದು ನಿಮ್ಮಮ್ಮ. ತೂಕದ ಬಟ್ಟನ್ನೇ ಎತ್ತಿಕೊಂಡು ಹೋಗಿ ತಮ್ಮನಿಗೆ ಕೊಟ್ಟು ಬಂದ್ರಿ."

ಆಗಲೇ ಫೋನು ಬಂತು. ತಮ್ಮ.

"ಅಣ್ಣಾ, ಕಾಗದ ಬಂತಾ? ನಮಗೆ ನಗುವ ಮುಖ! ಹನ್ನೊಂದನೇ ಸ್ಥಾನ! ಅಮ್ಮ ಬಂದಿದ್ದೇ ಬಂದಿದ್ದು, ಮನೆಗೆ ಕಳೆ ಬಂತು ನೋಡು. ಅಂಗಡೀಲಿ ಫ್ರೇಮ್ ಹಾಕಿಸಿ ಇಟ್ಟಿದ್ದೀನಿ. ನಿನ್ನದು ಎಷ್ಟು?"

"ಲೈನ್ ಸರಿಯಿಲ್ಲ," ಎಂದು ಇನ್ಸ್‌ಪೆಕ್ಟರು ಫೋನು ಇಟ್ಟರು.

ಸುಳ್ಳು ಲೆಕ್ಕ ಕೊಡುವುದು ಅವರಿಂದಾಗದು. ಆ ವಿಷಯದಲ್ಲಿ ಅವರು ಅಪ್ಪಟ. ಕಾಗದದಲ್ಲಿ ನಾಲ್ಕು ಜನ ಬೇಕಾದರೆ ಮನೆಯಲ್ಲಿ ನಿಜವಾಗಿ ನಾಲ್ಕು ಜನ ಇರಬೇಕು. ಆ ಭಾನುವಾರ ಅವರಿಗೆ ತಾಯಿಯ ನೆನಪು ತಡೆಯಲಾಗದಷ್ಟು ಉಕ್ಕಿತು.

ತಮ್ಮನ ಮನೆಯ ಸೋಫಾದ ಮೇಲೆ ತಾಯಿ ಕೂತಿದ್ದರು. ಮಂಡಿಯ ಮೇಲೆ ಮಡಚಿದ ಟವೆಲ್ಲು. ಪಕ್ಕದಲ್ಲಿ ಪ್ಯಾಡು, ವೈರು ಸುತ್ತಿದ್ದು ಸುತ್ತಿದ ಹಾಗೇ.

"ಅಮ್ಮಾ, ಕರ್ಕೊಂಡು ಹೋಗೋಕೆ ಬಂದೆ. ನೀನಿಲ್ದೆ ಮನೆ ಮನೆ ಥರಾನೇ ಇಲ್ಲ."

"ಈಗ ಎಷ್ಟನೇ ಮನೆ ಆಯ್ತು?" ಎಂದರು ತಾಯಿ.

ಕನ್ನಡಕದಂಗಡಿಯವನು ಒಳಗಿನಿಂದ ಓಡಿ ಬಂದ. "ಏನಣ್ಣಾ, ಹೇಳದೆ ಕೇಳದೆ! ಅಮ್ಮ ಈಗ ತಾನೇ ಇಲ್ಲಿ ಹೊಂದಿಕೊಳ್ತಿದ್ದಾಳೆ."

"ಸೋಫಾದ ಮೇಲೆ ಮಲಗಿಸ್ತೀಯಲ್ಲೋ, ನಾಚಿಕೆ ಇಲ್ವಾ?"

"ನಿನ್ನ ಮನೇಲಿ ಕೋಣೆ ಇತ್ತಲ್ಲ, ಯಾಕೆ ಕಳಿಸಿದೆ? ಹೆತ್ತ ತಾಯಿ ಅಂದ್ರೆ ಬೇಡ ಅಂದಾಗ ಕಳಿಸಿ, ಬೇಕು ಅಂದಾಗ ಒಯ್ಯೋಕೆ ಬಾಡಿಗೆ ಸೈಕಲ್ಲಾ?"

"ನೀನು ನಗುವ ಮುಖದ ಆಸೆಗೆ ಮಾತಾಡ್ತಿದ್ದೀಯ!"

"ನೀನು ಅಳುವ ಮುಖ ಹೊತ್ತುಕೊಂಡು ಬಂದಿದ್ದೀಯ!"

ಇಬ್ಬರೂ ತಾಯಿಯ ಪ್ರೀತಿಗಾಗಿ ಇಷ್ಟು ಹೊಡೆದಾಡಿದ್ದು ಹಾಲು ಕುಡಿಯುವ ಕಾಲದಲ್ಲೂ ಇಲ್ಲ. ತಾಯಿ ಎರಡು ಲೈನುಗಳ ನಡುವೆ ಕೂತ ಆಪರೇಟರ್ ಹಾಗೆ ಇಬ್ಬರ ಮಾತನ್ನೂ ಕೇಳಿದರು. ನಡುವೆ ಬಾಯಿ ಹಾಕಲಿಲ್ಲ. ಹಿರಿಯವನೂ ಕಿರಿಯವನೂ ಉಸಿರು ತೆಗೆದುಕೊಳ್ಳಲು ನಿಂತ ಮೇಲೆ ಕೈ ಎತ್ತಿದರು.

"ಮುಗೀತಾ? ಈಗ ನಾನು ಮಾತಾಡಲಾ? ನನ್ನ ಬೆಲೆ ನಿಮ್ಮಿಬ್ಬರಿಗೂ ತಿಳಿದಿದ್ದು ಸಂತೋಷ. ಕರೆಂಟು ಕಂಪನಿಯವರು ನೂರು ಕಾಲ ಬಾಳಲಿ." ಕಿರಿಯವನ ಕಡೆ ತಿರುಗಿದರು. "ನಿನ್ನಲ್ಲಿ ನನಗೆ ಕೋಣೆ ಕೊಡ್ತೀಯಾ?"

ಕಿರಿಯವನು ಎರಡು ಬಾಗಿಲುಗಳನ್ನೂ ನೋಡಿದ. ಒಂದರ ಹಿಂದೆ ಹೆಂಡತಿ ನಿಂತಿದ್ದಳು, ಇನ್ನೊಂದರ ಹಿಂದೆ ಮಕ್ಕಳು. "ಸೋಫಾ ಬದಲಾಯಿಸಬಹುದು," ಎಂದ.

"ನೀನೇನೋ?" ಎಂದರು ಹಿರಿಯವನಿಗೆ.

"ನಿನ್ನ ಕೋಣೆ ನಿಂದೇ ಅಮ್ಮಾ. ಇವತ್ತೇ ಬೀಗ ತೆಗೀತೀನಿ."

"ಬೀಗ ಹಾಕಿದ್ದೆಯಾ?"

ಇನ್ಸ್‌ಪೆಕ್ಟರು ಜೇಬಿನ ಬೀಗದ ಕೈ ಮುಟ್ಟಿ ನೋಡಿಕೊಂಡರು.

"ಹಾಗಾದ್ರೆ ಕೇಳಿಸ್ಕೋ. ಬೀಗದ ಕೈ ನನ್ನ ಹತ್ರ ಇರುತ್ತೆ. ಆ ಕೋಣೆಯ ಸ್ವಿಚ್ಚು ಮುಟ್ಟೋದು ನಾನೊಬ್ಬಳೇ. ಫ್ಯಾನು ನನ್ನದು, ರೇಡಿಯೋ ನನ್ನದು. ಚಳಿಗಾಲ ಬರ್ತಿದೆ, ನನಗೊಂದು ಹೀಟರ್ ಬೇಕು. ಗೋಡೆಗೆ ಹಾಕೋದು, ದೊಡ್ಡದು."

"ಹೀಟರಾ?" ಇನ್ಸ್‌ಪೆಕ್ಟರ ಕಣ್ಣ ಮುಂದೆ ಮೀಟರಿನ ಅಂಕಿಗಳು ಓಡಿದವು. "ಅಮ್ಮಾ, ಹೀಟರು ಅಂದ್ರೆ ತುಂಬಾ..."

"ಬೇಡ್ವಾ? ಸರಿ, ಸೋಫಾ ಮೆತ್ತಗಿದೆ."

ಅತ್ತ ದರಿ, ಇತ್ತ ಪುಲಿ. ತಾಯಿ ಬಂದರೆ ಹೀಟರು ಬರುತ್ತದೆ; ತಾಯಿ ಬಾರದಿದ್ದರೆ ಎಂಬತ್ಮೂರು ಗ್ಯಾರಂಟಿ, ಜೊತೆಗೆ ತಮ್ಮನ ಅಂಗಡಿಯಲ್ಲಿ ಫ್ರೇಮಿನ ಒಳಗೆ ಆ ಹನ್ನೊಂದು ದಿನವೂ ನಗುತ್ತಿರುತ್ತದೆ. ಇನ್ಸ್‌ಪೆಕ್ಟರು ಮನಸ್ಸಿನ ತಕ್ಕಡಿಯಲ್ಲಿ ತಾಯಿಯನ್ನು ಒಂದು ಕಡೆ, ಹೀಟರನ್ನು ಒಂದು ಕಡೆ ಇಟ್ಟು ತೂಗಿದರು. ಮುಳ್ಳು ಬಹಳ ಹೊತ್ತು ಅಲುಗಾಡಿತು. ಆ ಹೊತ್ತನ್ನು ತಾಯಿ ಕಣ್ಣು ಮಿಟುಕಿಸದೆ ನೋಡಿದರು, ಮತ್ತು ಮರೆಯಲಿಲ್ಲ.

"ಆಗ್ಲಿ," ಎಂದರು ಇನ್ಸ್‌ಪೆಕ್ಟರು ಕೊನೆಗೆ.

"ಏನು ಆಗ್ಲಿ? ಪೂರ್ತಿ ಹೇಳು. ನನ್ನ ಕಿವಿ ಈಗ ಮಂದ."

"ಕೀಲಿ ನಿಂದು, ಸ್ವಿಚ್ಚು ನಿಂದು. ಹೀಟರ್ ಹಾಕಿಸ್ತೀನಿ."

"ಬಾಗಿಲ ಹಿಂದೆ ಇರೋರೂ ಕೇಳಿಸಿಕೊಳ್ಳಲಿ ಅಂತ ಅಷ್ಟೇ," ಎಂದು ತಾಯಿ ಟವೆಲ್ಲನ್ನು ಮಡಚಿ ಸೋಫಾದ ಕೈಮೇಲಿಟ್ಟು ಎದ್ದರು.

ಎರಡೂ ಮನೆಗಳಿಂದ ಕಂಪನಿಗೆ ಮತ್ತೆ ಫೋನು ಹೋಯಿತು. ತಾಯಿಯ ಕೋಣೆಯ ಗೋಡೆಗೆ ಹೀಟರು ಬಂತು. ಮುಂದಿನ ಕಾಗದದಲ್ಲಿ ಹಿರಿಯನ ಮನೆ ತೊಂಬತ್ತನೆಯದು, ಕಿರಿಯನದು ಐವತ್ತೆರಡನೆಯದು ಎಂದು ಬಂತು. ತಾಯಿ ತಮ್ಮ ಕೋಣೆಯಲ್ಲೇ ಇದ್ದಾರೆ, ಬೆಚ್ಚಗೆ.