ಹಿತ್ತಲಿಗೆ ಬಂದ ಮೇಷ್ಟ್ರು

"ರುದ್ರಾಣೀ, ಆ ಕೆಂಪು ಹುಂಜ ಹಿಡಿಯವ್ವ!"

ನಡುಮನೆಯಿಂದ ಅಪ್ಪ ಪಾಪಣ್ಣ ಕೂಗಿದಾಗ, ಹಿತ್ತಲಲ್ಲಿ ಜೋಳದ ನುಚ್ಚು ಚೆಲ್ಲುತ್ತಿದ್ದ ರುದ್ರಾಣಿಯ ಕೈ ನಿಂತೇಹೋಯಿತು.

ನ್ಯಾಮತಿಯಿಂದ ಮೊದಲ ಬಸ್ಸು ಹತ್ತಿ, ದಾವಣಗೆರೆಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಬಂದಿದ್ದ ಗಂಡಿನ ಕಡೆಯವರಿಗೆ ಮಂಡಕ್ಕಿ, ಚಹಾ ಆಗಲೇ ಆಗಿತ್ತು. ಕೋಳಿಯದು ಬೇರೆ ಮಾತು. ಬಿಳಿಚೋಡಿನ ಅವರ ಕೇರಿಯಲ್ಲಿ ಹೆಣ್ಣು ನೋಡಲು ಬಂದವರಿಗೆ ಕೋಳಿ ಸಾರು ಬಡಿಸಿದರೆ ಸಂಬಂಧ ಕುದುರಿತು ಎಂದೇ ಅರ್ಥ. ಒಳಗೆ ಅಪ್ಪನೂ ಗಂಡಿನ ಚಿಕ್ಕಪ್ಪ ಗಾದ್ರಪ್ಪನೂ ನಗಾಡುತ್ತಿದ್ದುದನ್ನು ಕೇಳಿದರೆ ಎಲ್ಲ ಮುಗಿದಂತೆಯೇ ಇತ್ತು. ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಹುಂಜಗಳು ಅವಳವು. ಹೊಟ್ಟು ಹಾಸಿದ ಪುಟ್ಟಿಯಲ್ಲಿ ಹನ್ನೊಂದು ಮೊಟ್ಟೆ ಇಟ್ಟು ಕೋಳಿಯನ್ನು ಕಾವಿಗೆ ಕೂರಿಸಿದವಳು ಅವಳೇ. ಮರಿಗಳನ್ನು ಹದ್ದಿನಿಂದ, ಮುಂಗುಸಿಯಿಂದ ಕಾದವಳು, ಹೊಲದ ಬದುವಿನಿಂದ ಗೆದ್ದಲು ಹತ್ತಿದ ಹೆಂಟೆ ತಂದು ಒಡೆದು ತಿನ್ನಿಸಿದವಳೂ ಅವಳೇ. ಕೆಂಪು ಹುಂಜವಂತೂ ಎತ್ತಿದರೆ ಕೈ ಜಗ್ಗುವಷ್ಟು ಬಲಿತಿತ್ತು. ಸಾಕಿದ್ದು ಕೊಯ್ಯುವುದಕ್ಕೇ, ಅದರಲ್ಲಿ ಅವಳಿಗೆ ಅಳುಕಿರಲಿಲ್ಲ. ಆದರೆ ಇವತ್ತು ಅದು ಕಾಲಬುಡಕ್ಕೇ ಬಂದು ನಿಂತರೂ ಬಗ್ಗಿ ಹಿಡಿಯಲು ಮನಸ್ಸಾಗಲಿಲ್ಲ.

ಯಾರೋ ಕೆಮ್ಮಿದರು. ಹಿತ್ತಲ ಬಾಗಿಲಲ್ಲಿ ಗಂಡೇ ನಿಂತಿದ್ದ. ತಿಪ್ಪೇಶಪ್ಪ, ಪ್ರೈಮರಿ ಶಾಲೆ ಮೇಷ್ಟ್ರು. ಬೆಲ್‌ಬಾಟಂ ಪ್ಯಾಂಟು, ಜೇಬಿನಲ್ಲಿ ಪೆನ್ನು.

"ಕೋಳಿ ಕೊಯ್ದ್ರೆ ಮಾತು ಮುಗೀತು ಅಂತಾರೆ ನಮ್ ಚಿಕ್ಕಪ್ಪ," ಅಂದ. "ನಿಮ್ಮನ್ನ ಯಾರಾದ್ರು ಕೇಳಿದ್ರೇನ್ರಿ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಅದಕ್ಕೇ ಕೇಳಾಕೆ ಬಂದೀನಿ. ಬ್ಯಾಡ ಅಂದ್ರೆ ಹೇಳ್ರಿ. ನಂದೊಂದು ಹರಕೆ ಐತೆ, ಕೋಳಿ ತಿನ್ನಂಗಿಲ್ಲ ಅಂತ ಒಳಗೆ ನಾನೇ ಹೇಳ್ತೀನಿ. ಮಾತು ನಿಮ್ ಮ್ಯಾಲೆ ಬರಾದಿಲ್ಲ."

ರುದ್ರಾಣಿ ಮೊದಲ ಸಲ ಅವನನ್ನು ನೇರವಾಗಿ ನೋಡಿದಳು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

"ನಿಮಗೆ ಕೊಯ್ಯಾಕೆ ಬರ್ತೈತಾ?"

"ಇಲ್ರೀ. ಹಾಸ್ಟೆಲ್‌ನಾಗೆ ಬೆಳೆದೋನು. ತಿನ್ನಾಕೆ ಬರ್ತೈತೆ, ಅಷ್ಟೆ."

ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಅವಳಿಗೆ ನಗು ತಡೆಯಲಾಗಲಿಲ್ಲ. ಬಗ್ಗಿದವಳೇ ಕೆಂಪು ಹುಂಜವನ್ನು ಬಾಚಿ ಹಿಡಿದು ಅವನ ಕೈಗಿತ್ತಳು.

"ರೆಕ್ಕೆ ಎರಡೂ ಸೇರಿಸಿ ಹಿಡೀರಿ. ಬಿಗಿ ಮಾಡಬ್ಯಾಡ್ರಿ, ಹೆದರ್ತೈತೆ."

ಹುಂಜ ಒಮ್ಮೆ ಕೊಸರಿತು. ತಿಪ್ಪೇಶಪ್ಪ ಬೂದಿಗುಡ್ಡೆಯ ಪಕ್ಕ ಕುಕ್ಕರಿಸಿ ಬಿದ್ದ; ಕೈ ಮಾತ್ರ ಬಿಡಲಿಲ್ಲ. ಕುಡುಗೋಲು ಎಳೆದು ಒಂದೇ ಏಟಿಗೆ ಮುಗಿಸಿದವಳು ರುದ್ರಾಣಿ. ಮುಖ ಪಕ್ಕಕ್ಕೆ ತಿರುಗಿಸಿಕೊಂಡವನು ಅವನು.

ಬಿಸಿನೀರು ತಂದ ಅವಳ ತಾಯಿ ಭೀಮಕ್ಕ, ಪುಕ್ಕ ಕೀಳಲು ಕೂತಿದ್ದ ಗಂಡನ್ನು ಕಂಡು ಗಾಬರಿಯಾದಳು. "ಅಯ್ಯೋ ಶಿವನೇ! ಏಳ್ರಿ ಮೇಷ್ಟ್ರೇ!"

"ಕಲೀತಾ ಇದೀನಿ, ಬಿಡ್ರಿ ಅತ್ತೆ," ಎಂದು ಅವನ ಬಾಯಿ ತಪ್ಪಿಬಿಟ್ಟಿತು. ಭೀಮಕ್ಕ ಕೊಡ ಅಲ್ಲೇ ಇಟ್ಟು, ನಗು ನುಂಗಿಕೊಂಡು ಒಳಗೋಡಿದಳು.

ಬಿಸಿನೀರಿಗೆ ಅವನ ಬೆರಳು ಕೆಂಪಾದವು. ಒದ್ದೆ ಪುಕ್ಕ ಮೀಸೆಗೂ ಅಂಟಿತು. ಅವಳು ಹುಂಜಕ್ಕೆ ಅರಿಶಿನ ಸವರಿ, ತೊಗರಿಕಡ್ಡಿಯ ಉರಿಯಲ್ಲಿ ತಿರುತಿರುಗಿಸಿ ಸುಟ್ಟು, ತೊಳೆದು, ಹೊಟ್ಟೆ ಸೀಳಿದಳು. "ಈ ಹಸುರು ಚೀಲ ಪಿತ್ತ. ಒಡೆದ್ರೆ ಸಾರೆಲ್ಲ ಕಹಿ," ಎಂದು ಅವಳು ಅದನ್ನು ಬಿಡಿಸುವಷ್ಟು ಹೊತ್ತೂ ಅವನು ಉಸಿರು ಬಿಗಿಹಿಡಿದು ನೋಡಿದ. ಪಿತ್ತ ಒಡೆಯದೆ ಬಂತು. ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟರು.

ಪಿತ್ತಕ್ಕೆ ಅಂಟಿಕೊಂಡಿದ್ದ ಮೆತ್ತನೆಯ ಈಲಿಯನ್ನು ಅವಳು ಉಪ್ಪು ಸವರಿ ಕೆಂಡದ ಮೇಲಿಟ್ಟಳು. ಅದು ಚಟಗುಟ್ಟಿ ಬೆಂದ ಮೇಲೆ ಎರಡು ಮಾಡಿ, ದೊಡ್ಡ ಚೂರನ್ನು ಮುತ್ತುಗದ ಎಲೆಯಲ್ಲಿಟ್ಟು ಅವನತ್ತ ಸರಿಸಿದಳು.

"ಏನಪ್ಪಾ, ಇನ್ನೂ ಎಷ್ಟೊತ್ತು?" ಒಳಗಿನಿಂದ ಗಾದ್ರಪ್ಪ ಕೇಳಿದ.

ಇಬ್ಬರ ಬಾಯಲ್ಲೂ ಬಿಸಿ ಈಲಿ ಇತ್ತು. ಒಬ್ಬರನ್ನೊಬ್ಬರು ನೋಡುತ್ತ, ಉಫ್ ಉಫ್ ಎಂದು ಊದಿಕೊಳ್ಳುತ್ತ ಕೂತರು.