ಮುಕ್ಕುಂದದ ಹನ್ನೆರಡು ಮನೆಗಳ ಕ್ರಿಸ್ಮಸ್

"ಚುಕ್ಕಿ ಇಳಸು, ಪಕೀರಮ್ಮ. ಪಾದ್ರಿ ಸಾಹೇಬ್ರು ಬರದ ಹಬ್ಬ ಹೆಂಗ ಆಕ್ಕೈತಿ?"

ಕೇರಿಯ ಸಭೆಗೆ ಹಿರಿಯನಾದ ಲಾಲಪ್ಪ ಅಂಗಳದಲ್ಲಿ ನಿಂತು ಗದರಿದ. ಪಕೀರಮ್ಮ ಕಟ್ಟೆಯ ಮೇಲೆ ನಿಂತು, ಬಿದಿರು ಕಡ್ಡಿಗೆ ಕೆಂಪು ಕಾಗದ ಅಂಟಿಸಿದ ಚುಕ್ಕಿಯನ್ನು ಚಪ್ಪರಕ್ಕೆ ಕಟ್ಟುತ್ತಿದ್ದಳು. ಬೀಳದಂತೆ ಹಿಡಿದುಕೊಂಡಿದ್ದವಳು ಮಗಳು ಬಸ್ಸಮ್ಮ.

"ಇವತ್ತು ಡಿಸೆಂಬರ್ ಇಪ್ಪತ್ತೈದು ಹೌದಿಲ್ಲೋ ಯಣ್ಣಾ?"

"ಹೌದು. ಆದ್ರ ಸಾಹೇಬ್ರು ಜನವರಿ ಐದಕ್ಕ ಬರ್ತೀನಿ ಅಂತ ಕಾರ್ಡ್ ಬರದಾರ."

ಮುಕ್ಕುಂದದ ಕ್ರಿಸ್ಮಸ್ಸಿಗೆ ತಾರೀಖು ಎಂಬುದೇ ಇರಲಿಲ್ಲ. ಪಾದ್ರಿಯ ಸೈಕಲ್ಲು ಬಂದ ದಿನವೇ ಹಬ್ಬ. ಅವರು ಲಿಂಗಸುಗೂರಿನಿಂದ ಹೊರಟು ಊರೂರು ಮುಗಿಸಿಕೊಂಡು ಹೊಳೆದಂಡೆಯ ಈ ಊರಿಗೆ ಬರುವುದು ಕಟ್ಟಕಡೆಗೆ. ಅಲ್ಲಿಯವರೆಗೆ ಯಾರೂ ಹೊಸ ಸೀರೆಯ ಮಡಿಕೆ ಬಿಚ್ಚುವಂತಿಲ್ಲ. ಮಸ್ಕಿಗೆ ಕೊಟ್ಟ ಬಸ್ಸಮ್ಮನನ್ನು ಗಂಡ ಕಳಿಸುತ್ತಿದ್ದದ್ದು ಮೂರೇ ದಿನಕ್ಕೆ. ಅವಳು ಬಂದು ಹೋದ ಮೇಲೆ ಹಬ್ಬ ಬರುತ್ತಿತ್ತು. ಆರು ವರ್ಷದಿಂದ ಹೀಗೇ. ನಾಳೆ ಮತ್ತೆ ಅಳಿಯ ಕರೆಯಲು ಬರುವವನಿದ್ದ. ಮಗಳಿಲ್ಲದ ಹಬ್ಬ ಇನ್ನು ಸಾಕೆಂದು ಪಕೀರಮ್ಮ ಗಟ್ಟಿ ಮನಸ್ಸು ಮಾಡಿದ್ದಳು.

"ಇಬ್ಬರು ಮೂವರು ನನ್ನ ಹೆಸರಿನಾಗ ಕೂಡಿದಲ್ಲಿ ನಾ ಇರ್ತೀನಿ ಅಂದಾನ ಯೇಸುಸ್ವಾಮಿ. ಪಾದ್ರಿ ಬಂದ ಮ್ಯಾಲ ಬರ್ತೀನಿ ಅಂದಿಲ್ಲ."

"ಊರಿಗೊಂದು ದಾರಿ ಆದ್ರ ಪೋರಗೊಂದು ದಾರಿ!" ಎಂದು ಲಾಲಪ್ಪ ಹೋಗಿ ಬಾಗಿಲು ಹಾಕಿಕೊಂಡ.

ಸಂಜೆ ಕೂಡಿದವರು ತಾಯಿ, ಮಗಳು, ಪಕ್ಕದ ಮನೆಯ ಕನಕಮ್ಮ, ಅಷ್ಟೇ. ಹಾಡು ಎರಡು ಸಲ ನಡುವೆಯೇ ನಿಂತುಹೋಯಿತು. ಪಕೀರಮ್ಮನಿಗೆ ಓದು ಬಾರದು. ಬಾಯಿಗೆ ಬಂದಂತೆ ಬೇಡಿಕೊಂಡಳು: ಬೆಳೆ ಚೆನ್ನಾಗಿರಲಿ, ಬಸ್ಸಮ್ಮನ ಮಡಿಲು ತುಂಬಲಿ, ಲಾಲಪ್ಪಣ್ಣನ ಮೊಣಕಾಲು ನೋವು ಕಡಿಮೆಯಾಗಲಿ. ಕೊನೆಯದನ್ನು ತುಸು ಜೋರಾಗಿಯೇ ಬೇಡಿದಳೆನ್ನಿ, ಬಾಗಿಲು ಹಾಕಿದವನಿಗೂ ಕೇಳಿಸುವಷ್ಟು.

ಮರುದಿನ ಅಳಿಯ ಆದೆಪ್ಪ ಬಂದ. ಆಗಲೇ ಕನಕಮ್ಮ ಬಂದು ಚುಕ್ಕಿ ಬಿಚ್ಚಿಕೊಂಡಿದ್ದಳು.

"ಇವತ್ತು ನಮ್ಮ ಮನ್ಯಾಗ ಪ್ರಾರ್ಥನಿ. ಒಂದು ಮನಿಗೆ ಬಂದ ದೇವರು ನಮ್ಮ ಮನಿಗೆ ಯಾಕ ಬ್ಯಾಡ? ಅಳಿಯಂದ್ರು ಉಂಡು ಹೋಗ್ರಿ."

ಆದೆಪ್ಪ ದಮ್ಮಡಿ ಎಂಬ ತೊಗಲಿನ ವಾದ್ಯ ಬಡಿಯುವುದರಲ್ಲಿ ಗಟ್ಟಿಗ. ಕನಕಮ್ಮನ ಮನೆಯ ಗೂಟಕ್ಕೆ ನೇತುಹಾಕಿದ್ದ ದಮ್ಮಡಿ ಕಂಡದ್ದೇ ಅವನ ಕೈ ತುರಿಸಿತು. ಅವತ್ತು ಹಾಡು ನಡುವೆ ನಿಲ್ಲಲಿಲ್ಲ. ಮೂರನೆಯ ದಿನ ಮೂರನೆಯ ಮನೆಯವರು ಕರೆದರು, ನಾಲ್ಕನೆಯ ದಿನ ನಾಲ್ಕನೆಯವರು. ಹಗಲು ಹತ್ತಿ ಬಿಡಿಸುವ ಹೊಲದಲ್ಲೂ ಅದೇ ಹಾಡು. ಒಗ್ಗರಣೆ ಹಾಕಿದ ಮಂಡಾಳು, ಬೆಲ್ಲದ ಚಹಾ ಎಲ್ಲರ ಮನೆಯಲ್ಲೂ ಆದವು. "ನಾಳೆ ಹೊಂಟೇವಿ" ಎಂದು ಆದೆಪ್ಪ ದಿನಾ ಹೇಳುತ್ತಿದ್ದ. ಬಸ್ಸಮ್ಮ ದಿನಾ ನಗುತ್ತಿದ್ದಳು. ಆ ನಗು ನೋಡಿ ಪಕೀರಮ್ಮನಿಗೆ ಹೊಟ್ಟೆ ತುಂಬುತ್ತಿತ್ತು.

ಕೇರಿಯಲ್ಲಿದ್ದದ್ದು ಹನ್ನೆರಡು ಮನೆ. ಹನ್ನೊಂದು ಮುಗಿದವು. ಉಳಿದದ್ದು ಲಾಲಪ್ಪನದು. ಅದನ್ನವನು ಪಾದ್ರಿಗೆಂದೇ ಕಾಯ್ದಿಟ್ಟಿದ್ದ.

ಜನವರಿ ಐದರ ಮಧ್ಯಾಹ್ನಕ್ಕೆ ಬರಬೇಕಾದ ಪಾದ್ರಿ ಹೊತ್ತು ಇಳಿದರೂ ಬರಲಿಲ್ಲ. ಹೊಸ ಬಟ್ಟೆ ಉಟ್ಟ ಕೇರಿಯೆಲ್ಲ ಲಾಲಪ್ಪನ ಅಂಗಳದಲ್ಲಿ ಕೂತಿತ್ತು. ಪಕೀರಮ್ಮ ಲಾಲಪ್ಪನ ಮುಖವನ್ನೇ ನೋಡುತ್ತಿದ್ದಳು. ಇವನು ಈಗ ಕಾಯಿರಿ ಎಂದನೋ, ಹನ್ನೊಂದು ದಿನದ ಪ್ರಾರ್ಥನೆ ಬರೀ ಹೆಣ್ಣುಮಕ್ಕಳ ಆಟವಾಗಿ ಹೋಗುತ್ತದೆ. ಬರುವ ವರ್ಷ ಮತ್ತೆ ಮಗಳಿಲ್ಲದ ಹಬ್ಬ.

ಲಾಲಪ್ಪ ಒಮ್ಮೆ ದಾರಿಯ ಕಡೆ ನೋಡಿದ. ಆಮೇಲೆ ಕೂತ ಮಂದಿಯನ್ನು ನೋಡಿದ. ಗಂಟಲು ಸರಿಮಾಡಿಕೊಂಡ.

"ಆದೆಪ್ಪಾ, ದಮ್ಮಡಿ ಬೆಂಕಿಗೆ ಹಿಡದು ಕಾಸು. ಪಕೀರಮ್ಮಾ, ಪ್ರಾರ್ಥನಿ ನೀನ ಸುರು ಮಾಡವಾ. ಹಬ್ಬಕ್ಕ ತಡ ಆಗಾಕತ್ತೈತಿ."

ಪಕೀರಮ್ಮ ಎದ್ದು ನಿಂತಳು. ಪ್ರಾರ್ಥನೆ ಸುರು ಮಾಡಿದಳು.

ಮೂರನೆಯ ಹಾಡು ಏರಿದ್ದಾಗ ಪಾದ್ರಿ ಬಂದರು. ಗಾಳಿ ಹೋದ ಸೈಕಲ್ಲನ್ನು ತಳ್ಳಿಕೊಂಡು ಬಂದು ಮೈಯೆಲ್ಲ ದೂಳಾಗಿತ್ತು. ಲಾಲಪ್ಪ ದಡಬಡಿಸಿ ಏಳಹೋದರೆ, ಕೂತಿರು ಎಂದು ಕೈಸನ್ನೆ ಮಾಡಿದರು. ಸೈಕಲ್ಲನ್ನು ಗೋಡೆಗೆ ಒರಗಿಸಿ, ಎಲ್ಲರ ಚಪ್ಪಲಿಗಳ ನಡುವೆ ತಮ್ಮ ಬೂಟು ಬಿಚ್ಚಿಟ್ಟು, ಹಿಂದಿನ ಸಾಲಿನಲ್ಲಿ ನೆಲಕ್ಕೆ ಕೂತರು. ತಾಳ ಸಿಗುವವರೆಗೆ ಸ್ವಲ್ಪ ತಡೆದು, ತಾವೂ ಚಪ್ಪಾಳೆ ತಟ್ಟತೊಡಗಿದರು.