ಕರಗುವ ನೂಲು

"ಇದೊಂದು ಹೊಲಿಗೆಯಾ?" ಕಾಶಿ ಮೊಬೈಲಿನ ಬೆಳಕನ್ನು ಮೊಮ್ಮಗಳ ಬಾಯಿಯೊಳಗೆ ಬಿಟ್ಟು ನಕ್ಕ. "ನಮ್ಮ ಕೇಣಿ ಊರಲ್ಲಿ ಕುಡ್ದು ತೂರಾಡೋನೂ ಇದ್ಕಿಂತ ಚಂದ ಗಂಟು ಹಾಕ್ತಾನೆ."

"ಮಾವ, ಆ ನೂಲು ಕರಗೂದಕ್ಕೇ ಹಾಕಿದ್ದು," ಎಂದಳು ಸೊಸೆ ನಿಶಾ.

"ಕರಗೂ ನೂಲಾ! ಅದ್ರಲ್ಲಿ ಬಲೆ ಕಟ್ಟಿರೆ ಬಂಗಡೆ ನಕ್ಕಂಡೇ ಹೋಗ್ತದೆ."

ಒಂದೂವರೆ ವರ್ಷದ ಪ್ರೇಕ್ಷಾಳ ಮೆದು ಅಂಗುಳ ಹುಟ್ಟುವಾಗಲೇ ಸೀಳಿತ್ತು. ಕಾರವಾರದಲ್ಲಿ ಅದನ್ನು ಹೊಲಿಸಿ ಹತ್ತು ದಿನವಾಗಿತ್ತು. ಬೆರಳು ಬಾಯಿಗೆ ಹೋಗದಂತೆ ಮೊಣಕೈಗಳಿಗೆ ರಟ್ಟು ಸುತ್ತಿದ್ದರು. ಚಮಚ ಕೂಡ ಬಾಯಿಗಿಡುವಂತಿಲ್ಲ, ಲೋಟದಿಂದ ಗಂಜಿತಿಳಿ ಮಾತ್ರ. ದಿಕ್ಕು ತಪ್ಪಿ ಎಲುಬಿಗೆ ಅಂಟಿದ್ದ ಸ್ನಾಯುಗಳನ್ನು ಬಿಡಿಸಿ, ಅಡ್ಡಕ್ಕೆ ತಿರುಗಿಸಿ, ನಡುವೆ ಕೂಡಿಸಿದ್ದೇವೆ ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದ್ದರು. ಒಂದಕ್ಕೊಂದು ಹಿಡಿಯಲು ಮೂರು ವಾರ, ಬಲ ಬರಲು ತಿಂಗಳುಗಳು. ಹಿಡಿದರೆ ಮಾತು ಬಾಯಲ್ಲಿ, ಇಲ್ಲವಾದರೆ ಮೂಗಿನಲ್ಲಿ.

ಕಾಶಿ ಆ ಚಿತ್ರವನ್ನು ಮಡಚಿ ಅದರೊಳಗೆ ಬೀಡಿಯ ಬೂದಿ ಕೊಡವಿದ್ದ. ನಲವತ್ತು ವರ್ಷ ಬಲೆ ಕಟ್ಟಿದವನಿಗೆ ಯಾರ ಚಿತ್ರ ಬೇಕು?

ನಿಶಾ ಗಂಜಿ ಸೋಸಲು ಒಳಗೆ ಹೋಗಿದ್ದಷ್ಟೇ, ಮಗು ಚೀರಿತು. ಓಡಿ ಬಂದರೆ ಮುದುಕನ ತೋರುಬೆರಳು ಅದರ ಬಾಯೊಳಗಿತ್ತು. ಹೊಸದಾಗಿ ಕಟ್ಟಿದ ಬಲೆಯ ಕಣ್ಣಿಗೆ ಬೆರಳು ಸಿಕ್ಕಿಸಿ ಜಗ್ಗುತ್ತಾರಲ್ಲ, ಹಾಗೆ. ಹೊರಗೆ ಬಂದ ಉಗುರಿನ ಮೇಲೆ ರಕ್ತ.

"ಜಗ್ಗಿ ನೋಡ್ದೆ, ಅಷ್ಟೇ. ಜಗ್ಗದೆ ಗಟ್ಟಿ ಅದೆ ಹೇಳಿ ಹೆಂಗೆ ಗೊತ್ತಾಗೂದು?"

"ಬಲೆ ಹರಿದ್ರೆ ಬೇರೆ ತರ್ತ್ರಿ. ಇವ್ಳ ಬಾಯಿ ಯಾವ ಅಂಗಡೀಲಿ ತರ್ತ್ರಿ ಮಾವ?" ನಿಶಾಳ ದನಿ ಏರಲಿಲ್ಲ. "ದೊಡ್ಡ ಕಸುಬುಗಾರ್ರು! ಆ ಕೈ ತೊಳ್ಕಣಿ ಮೊದ್ಲು. ಮೀನು ನಾತ."

ಕಾರವಾರದಲ್ಲಿ ಡಾಕ್ಟರು ನೋಡಿದರು. ಅಂಗುಳದ ಹಿಂಬದಿಯ ಒಂದು ಹೊಲಿಗೆ ಬಿಟ್ಟಿದೆ, ಉಳಿದವು ಹಿಡಿದಿವೆ. ಅಲ್ಲಾದ ತೂತು ತಾನೇ ಕೂಡಬಹುದು, ಕೂಡದೆಯೂ ಇರಬಹುದು. ಮುದುಕ ಹೊರಗಿನ ಬೆಂಚಿನಲ್ಲಿ ಕೂತಿದ್ದ. ದೋಣಿಯಿಂದ ಮರಳಿದ ಮಗ ರೂಪೇಶ ಅಪ್ಪನಿಗೆ ಬೈಯಲೂ ಇಲ್ಲ. ಬೈಯುವಷ್ಟು ಬೆಲೆಯನ್ನೂ ಅವನಿಗೆ ಕೊಡಲಿಲ್ಲ. ಆಮೇಲೆ ಮಗು ಮಲಗಿದ ಕೋಣೆಗೆ ಕಾಶಿ ಬಂದರೆ ನಿಶಾ ಎದ್ದು ಬಾಗಿಲಲ್ಲೇ ನಿಲ್ಲುತ್ತಿದ್ದಳು.

ತೂತು ಕೂಡಿತು. ಆದರೆ ಮಾತಾಡುವಾಗ ಸ್ನಾಯು ಮೇಲೆದ್ದು ಮೂಗಿನ ದಾರಿ ಮುಚ್ಚಬೇಕಲ್ಲ? ಮಾತು ಕಲಿಸುವ ಟೀಚರು ಒಂದು ಪುಟ್ಟ ಕನ್ನಡಿ ಕೊಟ್ಟರು. ಮಗು 'ಪಾ' ಎನ್ನುವಾಗ ಅದನ್ನು ಮೂಗಿನ ಕೆಳಗೆ ಹಿಡಿಯಬೇಕು; ಮಂಜು ಕಟ್ಟಿದರೆ ಗಾಳಿ ಮೂಗಿಗೆ ಸೋರುತ್ತಿದೆ ಎಂದು. ಮೊದಲ ತಿಂಗಳು ಕನ್ನಡಿಯ ಅರ್ಧ ಮಂಜಾಗಿತ್ತು.

ನಾಲ್ಕನೇ ತಿಂಗಳಲ್ಲಿ, ಜಗಲಿಯ ಬಿಸಿಲಲ್ಲಿ, ಪ್ರೇಕ್ಷಾ "ಪಾ! ಪಾಪಾ!" ಎಂದು ಕೂಗಿದಳು. ಅಂಗಳದಲ್ಲಿ ಬಲೆ ಕಟ್ಟುತ್ತಿದ್ದ ಕಾಶಿಯ ಕೈ ನಿಂತಿತು.

"ಹೆಂಗದೆ?"

ನಿಶಾ ಕನ್ನಡಿಯನ್ನು ಮಗುವಿನ ಮೂಗಿನ ಕೆಳಗಿಂದ ತೆಗೆದಳು. ಅದನ್ನು ಅವನತ್ತ ಚಾಚಿದಳು. "ಬೆರಳು ಹಾಕೂಕಿಲ್ಲ."

ಅವನು ಕೈಯನ್ನು ಲುಂಗಿಗೆ ಒರೆಸಿಕೊಂಡ. ತೋರುಬೆರಳು ಮಡಚಿ, ಕನ್ನಡಿಯನ್ನು ಅಂಚಿನಲ್ಲಷ್ಟೇ ಹಿಡಿದ. ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಮಂಜಿತ್ತು. ಅವನು ನೋಡುತ್ತಿದ್ದಂತೆ ಅದೂ ಸಣ್ಣದಾಗುತ್ತ ಬಂತು.